ಇನ್ನಾಸಪ್ಪನವರ ಕೈಗೆ ಬಂದ ಬೋಗುಣಿ

ಪೂಜ್ಯ ಚೌರಪ್ಪ ಸ್ವಾಮಿಯವರು ನಮ್ಮ ಬಂಡೆಪಾಳ್ಯದ ಚರ್ಚಿನ ಗುರುಮನೆಯಲ್ಲಿ ವಾಸವಾಗಿದ್ದರು ಎನ್ನುವುದು ಹೆಸರಿಗೆ ಮಾತ್ರ. ಅವರ ದರ್ಶನ ಬೇಕೆಂದರೆ ಯಾರದಾದರೂ ಹಿತ್ತಿಲಲ್ಲಿ ಹುಡುಕಬೇಕಿತ್ತು. ಬಾಣಂತಿಯ ಮನೆಗೆ ನೀರು ಹೊರುತ್ತಲೋ, ಮುದುಕಿಯೊಬ್ಬಳ ಸೂರಿಗೆ ಗರಿ ಹೊದಿಸುತ್ತಲೋ ಇರುತ್ತಿದ್ದರು. "ಪೂಜೆಯಲ್ಲಿ ಉಪದೇಶದ ಪ್ರಸಂಗ ಮಾತ್ರ ಎರಡೇ ಮಾತು, ಇವರೂ ಒಬ್ಬ ಗುರುವೇ?" ಎಂದು ಊರ ಹಿರಿಯ ಇನ್ನಾಸಪ್ಪನವರು ಗೊಣಗುತ್ತಿದ್ದರು. ಅವರಿಗೆ ಪೀಠದಿಂದ ಗುಡುಗುವವರು ಬೇಕಿತ್ತು, ನೋಡಿ!

ಈ ಇನ್ನಾಸಪ್ಪನವರಿಗೂ ಅವರ ತಮ್ಮ ರಾಯಪ್ಪನಿಗೂ ಮಾತಿರಲಿಲ್ಲ. ಪಾಲಾದಾಗ ಹುಣಸೆ ಮರವೊಂದು ಯಾರಿಗೆ ಎಂಬ ಜಗಳ. ಮರ ಒಣಗಿ, ಸೌದೆಯಾಗಿ, ಉರಿದೂ ಹೋಯಿತು. ಜಗಳ ಮಾತ್ರ ಹಸಿರಾಗಿಯೇ ಉಳಿಯಿತು.

ಆ ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ರಾಯಪ್ಪ ಹಾಸಿಗೆ ಹಿಡಿದ. ಸಕ್ಕರೆ ಕಾಯಿಲೆಯ ಹುಣ್ಣು ಪಾದವನ್ನು ತಿನ್ನುತ್ತಿತ್ತು. ತಡಮಾಡಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದರೂ ಅವನು ಆಸ್ಪತ್ರೆಗೆ ಹೋಗಲೊಲ್ಲ. ಸ್ವಾಮಿಯವರು ದಿನವೂ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತ ಬೇಡಿಕೊಂಡರು. ಅವನದು ಒಂದೇ ಮಾತು: "ಗೋಡೆಯಾಚೆ ಇರೋ ಒಡಹುಟ್ಟಿದವನಿಗೇ ಬೇಡವಾದೆ. ಬದುಕಿ ಯಾರಿಗೆ ಮುಖ ತೋರಿಸ್ಲಿ ಸ್ವಾಮಿ?"

ಪವಿತ್ರ ಗುರುವಾರ ಬಂತು. ಪ್ರಭು ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಗುರುಗಳು ಅಂದು ದೇವಾಲಯದಲ್ಲಿ ಸಂಜೆಯ ಬಲಿಪೂಜೆಯ ನಡುವೆ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ನಮ್ಮೂರಿನವರ ಭಕ್ತಿ ಏನು ಹೇಳಲಿ! ಸ್ವಾಮಿಗಳ ಕೈಗೆ ಕೊಳೆ ತಾಗಬಾರದೆಂದು ಹನ್ನೆರಡು ಮಂದಿಯೂ ಮನೆಯಲ್ಲೇ ಸೋಪು, ತೆಂಗಿನ ನಾರು ಹಾಕಿ ಹಿಮ್ಮಡಿ ಉಜ್ಜಿಕೊಂಡೇ ಬರುತ್ತಿದ್ದರು. ಇನ್ನಾಸಪ್ಪನವರು ಅಂದು ಪೌಡರನ್ನೂ ಬಳಿದುಕೊಂಡಿದ್ದರು.

"ಏನ್ ಮಾವ, ಮದುವೆ ಗಂಡಿನ ಕಾಲು ಇದ್ದಂಗದೆ!" ಎಂದು ಪಕ್ಕದವನು ಚುಡಾಯಿಸಿದ.

"ಮುಚ್ಚಲೇ, ನಿನ್ ಕಾಲು ನೋಡಿದ್ರೆ ಎಮ್ಮೆ ಹೆದರ್ತದೆ."

ಸ್ವಾಮಿಯವರು ಮಂಡಿಯೂರಿ ಒಂದೊಂದೇ ಪಾದ ತೊಳೆದು, ಒರೆಸಿ, ಮುದ್ದಿಟ್ಟರು. ಕೊನೆಯವರು ಇನ್ನಾಸಪ್ಪನವರು. ಅವರದೂ ಮುಗಿದ ಮೇಲೆ ಸ್ವಾಮಿಯವರು ಕೂಡಲೇ ಏಳಲಿಲ್ಲ. ಬೋಗುಣಿಯನ್ನೇ ನೋಡುತ್ತ ಕುಳಿತರು. ಅಷ್ಟು ಜನರ ಕಾಲು ತೊಳೆದ ನೀರಿನಲ್ಲಿ ತಳ ಫಳಫಳ ಕಾಣುತ್ತಿತ್ತು! ಆಮೇಲೆ ಅದನ್ನು ಹೊರಗೆ ಚೆಲ್ಲಿ ಬಂದು, ಮತ್ತೆ ಮಂಡಿಯೂರಿ, ಬರಿದಾದ ಬೋಗುಣಿಯನ್ನು ಇನ್ನಾಸಪ್ಪನವರ ಕೈಗಿಟ್ಟು, ಹೊಸ ಟವಲೊಂದನ್ನು ಹೆಗಲಿಗೆ ಹೊದಿಸಿದರು.

"ನಾನು ನಿಮ್ಮ ಕಾಲು ತೊಳೆದೆ. ಪ್ರಭುಗಳು ಅಷ್ಟಕ್ಕೇ ನಿಲ್ಲಿಸಿ ಅನ್ನಲಿಲ್ಲ, ನೀವೂ ಒಬ್ಬರ ಕಾಲೊಬ್ಬರು ತೊಳೆಯಿರಿ ಅಂದರು. ನೀವು ಹೋಗಿಬನ್ನಿ, ಬಲಿಪೂಜೆ ಕಾಯುತ್ತದೆ."

ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಇನ್ನಾಸಪ್ಪನವರ ಮುಖ ಕೆಂಪೇರಿತು. ಬೋಗುಣಿ ಬಿಸಾಡಿಯೇ ಬಿಡುತ್ತಾರೆ ಎಂದುಕೊಂಡೆವು. ಆದರೆ ಎದುರಿಗೆ ಸ್ವಾಮಿಯವರು ಇನ್ನೂ ಮಂಡಿಯೂರಿಯೇ ಇದ್ದರಲ್ಲ! ಆ ಬಾಗಿದ ತಲೆಯನ್ನು ಎಷ್ಟು ಹೊತ್ತು ನೋಡಿದರೋ, ಸರಸರನೆ ಹೊರಟೇಬಿಟ್ಟರು. ನಾವು ಕೆಲವರು ಹಿಂದೆಯೇ ಹೋದೆವು.

ಬಾಗಿಲಲ್ಲಿ ರಾಯಪ್ಪನ ಹೆಂಡತಿ ಲೂರ್ದಮ್ಮ ಬೆಪ್ಪಾಗಿ ನಿಂತಳು. "ಬಿಸಿನೀರು ಇದೆಯೇನಮ್ಮಾ?" ಎಂದವರೇ ಇನ್ನಾಸಪ್ಪನವರು ಒಳಗೆ ಹೋಗಿ ತಮ್ಮನ ಕಾಲ ಬಳಿ ಕುಕ್ಕರಿಸಿದರು. ಬಟ್ಟೆ ಬಿಚ್ಚುತ್ತಲೇ ನಾವೆಲ್ಲ ಮೂಗು ಮುಚ್ಚಿ ಗೋಡೆಗೆ ಸರಿದೆವು.

"ಬಿಡಣ್ಣ, ನಾತ... ನಿನ್ ಕೈಲಿ ಬೇಡ."

"ಸುಮ್ನಿರೋ! ಕೂಸಾಗಿದ್ದಾಗ ನಿನ್ ಕುಂಡಿ ತೊಳೆದೋನು ನಾನೇ. ಈಗ ದೊಡ್ಡ ಮನುಷ್ಯ ಆಗ್ಬಿಟ್ಯಾ?"

ರಾಯಪ್ಪ ನಗುತ್ತ ನಗುತ್ತಲೇ ಬಿಕ್ಕಿದ. ಅಣ್ಣ ಆ ಹುಣ್ಣನ್ನು ಎಷ್ಟು ಮೆತ್ತಗೆ ತೊಳೆದರು ಎನ್ನುತ್ತೀರಿ! ಒರೆಸಿ, ಬಾಗಿ, ಆ ಪಾದಕ್ಕೆ ಹಣೆ ಹಚ್ಚಿದರು. "ನಡಿ ಆಸ್ಪತ್ರೆಗೆ."

"ಕಾಲು ತೆಗೀತಾರಣ್ಣ."

"ತೆಗೆದ್ರೆ ತೆಗೀಲಿ. ಹೊತ್ಕೊಂಡು ತಿರುಗೋಕೆ ನಾನಿಲ್ವೇನೋ?"

ಅಂದೇ ಸಂಜೆ ರಾಯಪ್ಪ ವ್ಯಾನು ಹತ್ತಿದ. ವ್ಯಾನು ದೇವಾಲಯದ ಮುಂದೆ ನಿಂತಾಗ ಸ್ವಾಮಿಯವರು ಹೊರಬಂದು ಅಣ್ಣತಮ್ಮಂದಿರಿಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿ, ಆಮೇಲೆ ಬಲಿಪೂಜೆ ಮುಂದುವರಿಸಿದರು.

ಎರಡು ಬೆರಳು ಹೋದವು, ಕಾಲು ಉಳಿಯಿತು! ಆಸ್ಪತ್ರೆಯಲ್ಲಿ ಇನ್ನಾಸಪ್ಪನವರು ಪಕ್ಕದ ಮಂಚದ ಅನಾಥ ಮುದುಕನಿಗೂ, ಯಾರೂ ಹೇಳದೆಯೇ, ಮೈ ಒರೆಸಿ ಗಂಜಿ ಕುಡಿಸುತ್ತಿದ್ದರಂತೆ.

ಈಸ್ಟರಿನ ಪಾಸ್ಕ ಹಬ್ಬ ಕಳೆದ ಮೇಲೆ ಒಂದು ಭಾನುವಾರ, ಪೂಜೆಯ ನಡುವೆಯೇ ಅಣ್ಣನ ಹೆಗಲು ಹಿಡಿದು ರಾಯಪ್ಪ ಒಳಗೆ ಬಂದ. ನಡುದಾರಿಗೆ ಬಂದವನೇ ಹೆಗಲು ಬಿಟ್ಟು ತಾನೇ ಹೆಜ್ಜೆಯಿಟ್ಟ. ಇನ್ನಾಸಪ್ಪನವರಿಗೆ ತಾವು ಎಲ್ಲಿದ್ದೇವೆ ಎಂಬುದೇ ಮರೆತುಹೋಯಿತು. "ನೋಡ್ರಪ್ಪೋ, ನಡೀತಾನೆ ನನ್ ತಮ್ಮ!" ಎಂದು ಗಟ್ಟಿಯಾಗಿ ಕೂಗಿದರು. ದೇವಾಲಯಕ್ಕೆ ದೇವಾಲಯವೇ ಎದ್ದು ಚಪ್ಪಾಳೆ ತಟ್ಟಿತು. ಪೀಠದ ಮುಂದೆ ಪೂಜ್ಯ ಸ್ವಾಮಿಯವರು ನಮ್ಮೆಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.