ಕೂಸುಮಠದ ದಿಬ್ಬ

ಕರೇಕಲ್ಲಹಟ್ಟಿ ಕೆರೆಯ ಏರಿ ಮೇಲೆ ನಿಂತರೆ ನೀರಿನ ನಟ್ಟನಡುವೆ ಒಂದು ಮಣ್ಣಿನ ದಿಬ್ಬ ಕಾಣುತ್ತೆ. ಮೇಲ್ಗಡೆ ಸಣ್ಣ ಕಣದಷ್ಟು ಅಗಲ. ಗುಡಿ ಇಲ್ಲ, ಗಿಡ ಇಲ್ಲ, ನೆಟ್ಟ ಕಲ್ಲೂ ಇಲ್ಲ. ಹೊಸಬರು ನೋಡಿ, ಕೆರೆ ತೋಡಿದೋರು ಇಷ್ಟು ಮಣ್ಣನ್ನ ಮರೆತು ಹೋದರಾ ಅಂತ ನಗ್ತಾರೆ. ಈ ದಂಡೆಯ ಊರುಗಳಲ್ಲಿ ಮನೆಮಾತು ಕನ್ನಡ, ಆ ದಂಡೆ ದಾಟಿದರೆ ತೆಲುಗು. ಆದರೆ ದಿಬ್ಬಕ್ಕೆ ಮಾತ್ರ ಎರಡೂ ಕಡೆಯವರು ಹೇಳೋದು ಒಂದೇ ಹೆಸರು, ಕೂಸುಮಠದ ದಿಬ್ಬ. ಮಠ ಅಂದರೆ ಸ್ವಾಮಿಗಳ ಮಠ ಅಲ್ಲ. ಮೊದಲೆಲ್ಲ ಐಗಳು ಹುಡುಗರನ್ನ ಕೂರಿಸಿಕೊಂಡು ಅಕ್ಷರ ತಿದ್ದಿಸ್ತಿದ್ದ ಜಾಗಕ್ಕೂ ಮಠ ಅಂತಲೇ ಅನ್ನೋರು. ಅಂಥ ಮಠ ಕೆರೆ ನಡುವೆ ಹೇಗೆ ಬಂತು ಅಂತ ಕೇಳಿದರೆ ಹಿರಿಯರು ಓಬಕ್ಕನ ಮಾತು ತೆಗೀತಾರೆ.

ಹಿಂದೆ ಒಮ್ಮೆ, ಇಲ್ಲಿ ಕೆರೆ ಇಲ್ಲದ ಕಾಲದಲ್ಲಿ, ಊರ ಕೊನೇ ಮನೇಲಿ ಓಬಕ್ಕ ಅನ್ನೋಳಿದ್ದಳಂತೆ. ತೆಲುಗು ಸೀಮೆಯಿಂದ ಮದುವೆಯಾಗಿ ಬಂದೋಳು. ಮಕ್ಕಳಾಗಲಿಲ್ಲ, ಗಂಡ ಬೇಗ ತೀರಿಕೊಂಡ. ತವರಲ್ಲಿ ಅಪ್ಪ ಐಗಳಾಗಿದ್ದರಿಂದ ಅವಳಿಗೆ ಎರಡು ಭಾಷೆಯ ಓದು ಬರಹವೂ ಬರ್ತಿತ್ತು. ಊರಿಗೆ ಅದೇ ಒಂದು ತಮಾಷೆ. ಬಾವಿ ಹತ್ರ ಹೆಂಗಸರು, "ಏನೇ ಓಬಿ, ಇವತ್ತು ಯಾವ ನಾಲಿಗೆ ಹಾಕ್ಕೊಂಡು ಬಂದಿದೀಯ?" ಅಂತ ಕೆಣಕಿ, ಅವಳು ಬಾಯಿ ತೆರೆಯೋದರೊಳಗೆ ಕೊಡ ಎತ್ತಿಕೊಂಡು ಹೋಗಿಬಿಡೋರು. ಎಷ್ಟೋ ದಿನ ಅವಳು ಮಾತಾಡ್ತಿದ್ದಿದ್ದು ಮೇಕೆ ಜೊತೆ ಮಾತ್ರ. ಬೆಳಗ್ಗೆ ಕನ್ನಡದಲ್ಲಿ, ಸಂಜೆ ತೆಲುಗಲ್ಲಿ. ಎರಡನ್ನೂ ಮರೀಬಾರದಲ್ಲ.

ಆಗ ಪಾಳೇಗಾರರು ಕೆರೆ ತೋಡಿಸೋಕೆ ಅಪ್ಪಣೆ ಕೊಟ್ಟರು. ತೆಲುಗು ಸೀಮೆಯಿಂದ ಮಣ್ಣು ಕೆಲಸದವರು ಕತ್ತೆ, ಗುದ್ದಲಿ, ಹೆಂಡರು ಮಕ್ಕಳ ಸಮೇತ ಬಂದು ಗುಡಿಸಲು ಹಾಕಿದರು. ಅವರ ಮೇಸ್ತ್ರಿ ಸುಂಕಪ್ಪ. ಅವರ ಕಸುಬಲ್ಲಿ ಒಂದು ಪದ್ಧತಿ ಇತ್ತು. ಎಷ್ಟು ಆಳ ತೋಡಿದರು ಅಂತ ಕೊನೇಲಿ ಅಳೆಯೋಕೆ, ನಡುವೆ ಒಂದು ಕಡೆ ಹಳೇ ನೆಲವನ್ನ ಮುಟ್ಟದೆ ಬಿಡೋರು. ಸುತ್ತ ತೋಡ್ತಾ ಹೋದಂಗೆ ಅದು ದಿಬ್ಬವಾಗಿ ನಿಲ್ಲುತ್ತೆ. ಅದಕ್ಕೆ ಸಾಕ್ಷಿ ದಿಬ್ಬ ಅಂತ ಹೆಸರು. ಅದರ ತಲೆ ಮುಟ್ಟಿ ಎತ್ತರ ಕೆಡಿಸಿದ ಮೇಸ್ತ್ರಿಯನ್ನ ಅವರ ಕುಲದಲ್ಲಿ ಪಂಕ್ತಿಗೆ ಕೂರಿಸ್ತಿರಲಿಲ್ಲ.

ತಾಯಂದಿರು ದಿನವಿಡೀ ಬುಟ್ಟಿ ಹೊರೋರು. ಮೂರು ನಾಲ್ಕು ವರ್ಷದ ಕೂಸುಗಳು ಬಿಸಿಲಲ್ಲಿ ಅಳ್ತಾ ಬಿದ್ದಿರೋವು. ಒಬ್ಬ ತಾಯಿ ಧೈರ್ಯ ಮಾಡಿ, ಓಬಕ್ಕನನ್ನ ಜೊತೆಗೆ ಕರ್ಕೊಂಡು, ಮಗಳು ಅಂಜಿನಿಯನ್ನ ಊರ ಐಗಳ ಹತ್ರ ಒಯ್ದಳು. ಐಗಳು ಕನ್ನಡದಲ್ಲಿ ಹೆಸರು ಕೇಳಿದರು. ಕೂಸು ತಾಯಿ ಸೆರಗಲ್ಲಿ ಮುಖ ಮುಚ್ಚಿಕೊಂಡಿತು. "ಮಾತೇ ತಿಳಿಯದ ಕೂಸಿಗೆ ನಾನೇನಮ್ಮ ಕಲಿಸ್ಲಿ? ಬೆಳೆದ ಮೇಲೆ ಕರ್ಕೊಂಬಾ. ಬರೋವಾಗ ತಿಂಗಳಿಗೆ ಎರಡು ಸೇರು ರಾಗಿ." ತಾಯಿ ತೆಲುಗಲ್ಲಿ ಏನೋ ಅಂದಳು. ಓಬಕ್ಕ ಅದನ್ನ ಕನ್ನಡಕ್ಕೆ ತಿರುಗಿಸಿದಳು: "ಬೆಳೆದ ಮೇಲೆ ಇವಳೂ ಬುಟ್ಟಿ ಹೊರ್ತಾಳಂತೆ ಸ್ವಾಮಿ."

ಮಾರನೇ ದಿನ ಓಬಕ್ಕನೇ ಅಂಜಿನಿಯನ್ನ ಕರೆದಳು. ವಾರದಲ್ಲಿ ಹನ್ನೊಂದು ಕೂಸುಗಳಾದವು. ಊರ ದನಗಾಹಿಗಳ, ಅಗಸರ ಕೂಸುಗಳು ಆರು ಬಂದು ಸೇರಿಕೊಂಡವು. ಎಲ್ಲಿ ಕೂರಿಸೋದು ಅಂತ ಯೋಚಿಸ್ತಿರೋವಾಗ ತಾಯಂದಿರೇ ಸಾಕ್ಷಿ ದಿಬ್ಬ ತೋರಿಸಿದರು. ಅಲ್ಲಿ ಕೂತರೆ ಯಾವ ಮೂಲೇಲಿ ಮಣ್ಣು ತೋಡ್ತಿದ್ದರೂ ತಲೆ ಎತ್ತಿದರೆ ಮಗು ಕಾಣುತ್ತೆ. ಓಬಕ್ಕ ಮರಳು ಹರಡಿ ಅಕ್ಷರ ತಿದ್ದಿಸಿದಳು. ಕಾಗೆ, ಕತ್ತೆ, ಮೋಡ, ಕಣ್ಣಿಗೆ ಬಿದ್ದಿದ್ದನ್ನೆಲ್ಲ ಎರಡು ಮಾತಲ್ಲೂ ಹೇಳಿಸಿದಳು. ರಾಗಿ ಕೇಳಲಿಲ್ಲ. ಆದರೆ ಗುರುವಿಗೆ ಬರಿಗೈಲಿ ಹೋಗಬಾರದು ಅಂತ ತಾಯಂದಿರು ಹೇಳಿಕೊಟ್ಟಿದ್ದರು. ಕೂಸುಗಳಿಗೆ ಸಿಗೋದು ಒಂದೇ. ಅಪ್ಪ ತೋಡಿದ ಕಡೆಯಿಂದ ಒಂದು ಹಿಡಿ ಹಸಿಮಣ್ಣು ತಂದು, ಉಂಡೆ ಕಟ್ಟಿ, ಅವಳ ಮುಂದೆ ಇಟ್ಟು ಕೂರೋವು. ಅವಳು ಬೇಡ ಅನ್ನಲಿಲ್ಲ. ಅವಳ ಮುಂದೆ ಯಾರಾದರೂ ಏನಾದರೂ ತಂದಿಟ್ಟು ಎಷ್ಟು ಕಾಲವಾಗಿತ್ತೋ.

ಮೂರು ವರ್ಷಕ್ಕೆ ಕೆಲಸ ಮುಗೀತು. ಅಳತೆಗೆ ಪಾಳೇಗಾರರ ಪಾರುಪತ್ಯಗಾರ ಬಂದ. ಸುಂಕಪ್ಪನಿಗೆ ಕನ್ನಡ ಬರಲ್ಲ, ಪಾರುಪತ್ಯಗಾರನಿಗೆ ತೆಲುಗು ಬರಲ್ಲ. ಮಾತು ತಿರುಗಿಸೋಕೆ ಓಬಕ್ಕನನ್ನ ಕರೆಸಿದರು. ಕೋಲು ಹಿಡಿದು ನೋಡಿದರೆ ದಡದ ನೆಲಕ್ಕಿಂತ ದಿಬ್ಬದ ತಲೆ ಒಂದು ಗೇಣು ಎತ್ತರ. "ನೆಲ ತಾನಾಗೇ ಬಸುರಾಯ್ತೇನಮ್ಮ?" ಅಂದ ಪಾರುಪತ್ಯಗಾರ. "ಆಳ ಜಾಸ್ತಿ ತೋರಿಸೋಕೆ ಮೇಲೆ ಮಣ್ಣು ಹೇರಿದಾನೆ. ಕೆರೆ ಪೂರ್ತಿ ಇನ್ನೂ ಎರಡು ಗೇಣು ತೋಡಲಿ. ಮುಂದಿನ ಬೇಸಿಗೆ ಮುಟ್ಟೋವರೆಗೂ ಒಬ್ಬರೂ ಕದಲಂಗಿಲ್ಲ ಅಂತ ಹೇಳು." ಸುಂಕಪ್ಪ ತನ್ನ ಮಾತಲ್ಲಿ ಗೋಗರೆದ. "ನಾನು ಮುಟ್ಟಿಲ್ಲಕ್ಕ. ಸಾಕ್ಷಿ ಕೆಡಿಸಿದೋನು ಅಂತಾದರೆ ನನ್ನ ಜೊತೆ ಕೂತು ಉಣ್ಣೋರು ಯಾರು?"

ಇಬ್ಬರೂ ಓಬಕ್ಕನ ಬಾಯನ್ನೇ ನೋಡ್ತಿದ್ದರು. ಮಣ್ಣು ಯಾರದು ಅಂತ ಅವಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಕೂಸುಗಳು ಇನ್ನೊಂದು ವರ್ಷ ಇರ್ತಾವೆ. ಹೇಳಿದರೆ ಈ ವಾರವೇ ಹೊರಡ್ತಾವೆ, ಆಮೇಲೆ ಮೇಕೆ, ಕೊಡ, ಬಾವಿ. ಅವಳು ತಿರುಗಿ ದಿಬ್ಬದ ಮೇಲೆ ಕೂಸುಗಳು ಕೂರ್ತಿದ್ದ ಜಾಗ ನೋಡಿದಳಂತೆ. ಪಾರುಪತ್ಯಗಾರನೇ ಬೇಸತ್ತು, "ಏನಮ್ಮ, ಎರಡು ಮಾತೂ ಮರೆತುಹೋಯ್ತಾ?" ಅಂದ.

"ಇಲ್ಲ ಸ್ವಾಮಿ," ಅಂದಳು ಓಬಕ್ಕ. "ಆ ಗೇಣು ಮೇಸ್ತ್ರಿದಲ್ಲ, ನಂದು. ಕೂಸುಗಳು ನಂಗೆ ಕೊಟ್ಟ ಗುರುಕಾಣಿಕೆ. ಅಗೆಸಿ ನೋಡಿ."

ಸುಂಕಪ್ಪ ತಾನೇ ಗುದ್ದಲಿ ಹಾಕಿದ. ಮೇಲಿನ ಒಂದು ಗೇಣು ಪದರಪದರವಾಗಿ ಬಿಟ್ಟುಕೊಂಡಿತು. ಕೆಂಪು, ಕಪ್ಪು, ಸುಣ್ಣದ ಬಿಳುಪು, ತೋಡಿದ ಆಳಕ್ಕೆ ತಕ್ಕ ಬಣ್ಣ. ಒಣಗಿದ ಉಂಡೆಗಳ ಮೇಲೆ ಪುಟ್ಟ ಬೆರಳಿನ ಗುರುತು ಹಾಗೇ ಇತ್ತು. ಪಾರುಪತ್ಯಗಾರ ಒಂದು ಉಂಡೆ ಎತ್ತಿ, ತನ್ನ ಬೆರಳನ್ನ ಆ ಗುರುತಲ್ಲಿಟ್ಟು ನೋಡಿದ. ಹಿಡಿಸಲಿಲ್ಲ. ಅದರ ಕೆಳಗಿನ ಹಳೇ ನೆಲದಿಂದ ಅಳೆಸಿದ. ಆಳ ಸರಿಯಾಗಿತ್ತು.

ಮೂರನೇ ದಿನ ಗುಡಿಸಲು ಕಿತ್ತರು. ಅಳತೆ ಮುಗಿದ ಮೇಲೆ ಸಾಕ್ಷಿ ದಿಬ್ಬ ಕಡಿದು ಹೋಗೋದು ವಾಡಿಕೆ. ಸುಂಕಪ್ಪ ಅದನ್ನ ಕಡಿಸಲಿಲ್ಲ. "ನಮ್ಮ ಜೊತೆ ಬಂದುಬಿಡಕ್ಕ," ಅಂದ. "ಬರ್ತಿದ್ದೆನಪ್ಪ, ಊರಿನ ಆರು ಕೂಸು ಇನ್ನೂ ಅರ್ಧವೇ ಕಲಿತಿದಾವೆ," ಅಂದಳು. ಕತ್ತೆ ಮೇಲೆ ಕೂತ ಅಂಜಿನಿ ಎರಡು ಮಾತಲ್ಲೂ ಹೋಗಿಬರ್ತೀನಿ ಅಂದಳು. ಮಳೆ ಬಂತು, ಕೆರೆ ತುಂಬಿತು, ದಿಬ್ಬದ ಸುತ್ತ ನೀರು ನಿಂತಿತು. ಓಬಕ್ಕ ತನ್ನ ಮನೆ ಜಗುಲಿ ಮೇಲೇ ಆರೂ ಕೂಸುಗಳಿಗೆ ಅಕ್ಷರ ಮುಗಿಸಿದಳು. ವಿಜಯದಶಮಿ ದಿನ ಐಗಳು ಅವನ್ನ ಪರೀಕ್ಷೆ ಮಾಡಿ, ರಾಗಿ ಕೇಳದೆ ಆರನ್ನೂ ಮಠಕ್ಕೆ ಸೇರಿಸಿಕೊಂಡರು. ಮಾರನೇ ಬೆಳಗ್ಗೆಯಿಂದ ಜಗುಲಿ ಖಾಲಿ. ಬೇಸಿಗೇಲಿ ನೀರು ಇಳಿದಾಗೆಲ್ಲ ಅವಳು ಕೆಸರು ತುಳಿದುಕೊಂಡು ದಿಬ್ಬ ಹತ್ತಿ ಸಂಜೆವರೆಗೂ ಕೂತಿರ್ತಿದ್ದಳಂತೆ. ಕೊನೆಗೊಂದು ದಿನ ಯಾರೋ ಅಕ್ಷರ ಕಲಿಸು ಅಂತ ಕೂಸು ತಂದು ಬಿಟ್ಟರು ಅಂತ ಆ ದಂಡೆಯವರು ಹೇಳ್ತಾರೆ. ಯಾರೂ ಬರಲಿಲ್ಲ ಅಂತ ಈ ದಂಡೆಯವರು.

ಈಗಲೂ ವೈಶಾಖದಲ್ಲಿ ನೀರು ತಳ ಕಂಡಾಗ ಹೋದರೆ ನೋಡಬಹುದು. ಎರಡೂ ದಂಡೆಯ ತಾಯಂದಿರು ಮೂರು ತುಂಬಿದ ಕೂಸುಗಳನ್ನ ಕಂಕುಳಲ್ಲಿ ಎತ್ತಿಕೊಂಡು ದಿಬ್ಬಕ್ಕೆ ಬರ್ತಾರೆ. ಪೂಜೆ ಇಲ್ಲ, ಕಾಯಿ ಒಡೆಯೋದಿಲ್ಲ. ಎರಡು ಮಾತೂ ಬರೋ ಮುದುಕಿ ಯಾರಾದರೂ ಸಿಕ್ಕರೆ ಮೊದಲನೇ ಅಕ್ಷರ ಅವಳೇ ತಿದ್ದಿಸ್ತಾಳೆ. ಆದರೆ ಅವಳು ಕೂಸುಗಳ ಸಾಲಲ್ಲೇ ಕೂರ್ತಾಳೆ. ಅವರ ಎದುರಿಗೆ ಒಬ್ಬರು ಕೂರೋವಷ್ಟು ಜಾಗ ಸಾರಿಸಿ ಬಿಟ್ಟಿರ್ತಾರೆ. ಅಲ್ಲಿ ಯಾರೂ ಕೂರೋದಿಲ್ಲ.