ಹದಿಮೂರನೆಯವನು

"ಗುರುಗಳೇ, ಭಜನೆಯವರನ್ನು ಈ ಪಡಸಾಲೆಯಿಂದ ಎಬ್ಬಿಸಿ ಕಳಿಸಿದರೆ ನಮ್ಮ ಗಮಕ ಉಳಿಯುವುದಿಲ್ಲವೇ?"

ಕೇಳಿದವನು ಮರುಳಯ್ಯ. ಮಠದಲ್ಲಿ ಗುರುಗಳ ಬಳಿ ಗಮಕ ಕಲಿಯಲು ಉಳಿದಿದ್ದವನು ಅವನೊಬ್ಬನೇ. ಹಳೆಯ ಕಾವ್ಯವನ್ನು ರಾಗ ಹಿಡಿದು, ಅರ್ಥ ಕೆಡದಂತೆ ಓದುವ ವಿದ್ಯೆ ಅದು. ನಾಲಿಗೆ ತಿರುಗುವುದಕ್ಕೇ ಹತ್ತು ವರ್ಷ ಬೇಕು. ಅದೇ ಪಡಸಾಲೆಯ ಇನ್ನೊಂದು ಬದಿಯಲ್ಲಿ ಭಜನೆಗೆ ನೂರು ಜನ ಸೇರುತ್ತಿದ್ದರು. ಅವತ್ತು ತಾಳದ ಸದ್ದಿಗೆ ಮರುಳಯ್ಯ ಎರಡು ಸಲ ಪದ್ಯ ತಪ್ಪಿದ್ದ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ಪುಸ್ತಕ ಮಡಚಿಟ್ಟರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಅದರಲ್ಲಿ ನೀನು ನಿಸ್ಸೀಮ," ಎಂದು ಹೇಳತೊಡಗಿದರು.

ಐರ್ಲೆಂಡ್ ಎಂಬ ದ್ವೀಪವಿದೆ. ಅಲ್ಲಿಯ ಪಾದ್ರಿಯೊಬ್ಬರು ಹಿಂದೆ ನಮ್ಮ ಮಠದಲ್ಲಿ ಎರಡು ದಿನ ಇದ್ದರು. ಇದು ಅವರ ಊರಿನ ಸಂಗತಿ. ಅವರು ನಗುನಗುತ್ತಾ ಹೇಳಿದರು, ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಆ ನಾಡಿನಲ್ಲಿ ಎರಡು ಆಟಗಳಿವೆ. ಒಂದರ ಹೆಸರು ಹರ್ಲಿಂಗ್. ಸೊಂಟದೆತ್ತರದ ಒಂದು ಮರದ ಕೋಲು, ತುದಿ ಬಾಗಿ ಅಗಲವಾಗಿರುತ್ತದೆ. ಚೆಂಡು ಮುಷ್ಟಿಯಷ್ಟು. ಅದನ್ನು ಗಾಳಿಯಲ್ಲಿರುವಾಗಲೇ ಹೊಡೆಯಬೇಕು, ಕೋಲಿನ ತುದಿಯ ಮೇಲೆ ನಿಲ್ಲಿಸಿಕೊಂಡು ಓಡಬೇಕು. ಚಿಕ್ಕಂದಿನಲ್ಲಿ ಕೈಗೆ ಹತ್ತಬೇಕು, ಇಲ್ಲವಾದರೆ ಇಲ್ಲ. ಇನ್ನೊಂದು ಅವರದೇ ಬಗೆಯ ಫುಟ್‌ಬಾಲ್. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಒಂದು ಚೆಂಡಿದ್ದರೆ ಆಟ ಶುರು. ಎರಡೂ ಒಂದೇ ಮನೆಯ ಮಕ್ಕಳು. ಒಂದೇ ಸಂಘ, ಒಂದೇ ಮೈದಾನ, ಅವೇ ಗೋಲುಕಂಬಗಳು. ಊರಿಗೆ ಇರುವ ಹುಡುಗರೂ ಅವರೇ.

ಆ ಊರಿನಲ್ಲಿ ಒಬ್ಬ ಬಡಗಿ ಇದ್ದ. ಹರ್ಲಿಂಗ್ ಕೋಲು ಮಾಡುತ್ತಿದ್ದವನೂ ಅವನೇ, ಆಟ ಕಲಿಸುತ್ತಿದ್ದವನೂ ಅವನೇ. ಅವನಂಥ ಆಟಗಾರ ಆ ಸುತ್ತಿನಲ್ಲಿ ಹುಟ್ಟಿರಲಿಲ್ಲ. ಆಟದಲ್ಲಿ ಏಟು ತಿಂದು ಎಡಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಮದುವೆಯಾಗಲಿಲ್ಲ. ಕೇಳಿದವರಿಗೆ, ಪುರುಸೊತ್ತು ಎಲ್ಲಿದೆ ಎನ್ನುತ್ತಿದ್ದ. ಈ ಆಟ ತನ್ನ ಊರಿನಲ್ಲಿ ಸಾಯಬಾರದು, ಅದೊಂದೇ ಅವನಿಗೆ ಬೇಕಾಗಿದ್ದದ್ದು.

ಕಂಡಕಂಡ ಹಲಗೆಯಿಂದ ಆ ಕೋಲು ಮಾಡಲು ಬರುವುದಿಲ್ಲ. ಆ್ಯಶ್ ಎಂಬ ಮರದ ಬುಡ ಬೇಕು. ಕಾಂಡ ಬೇರಿನ ಕಡೆಗೆ ತಿರುಗುವ ಜಾಗದಲ್ಲಿ ಮರದ ಎಳೆಯೇ ಬಾಗಿರುತ್ತದೆ. ಆ ಬಾಗಿಗೆ ಸರಿಯಾಗಿ ಕೊಯ್ದರೆ ಮಾತ್ರ ಕೋಲು ಏಟು ತಾಳುತ್ತದೆ. ಎಳೆ ನೇರವಾಗಿದ್ದರೆ ಮೊದಲ ಏಟಿಗೇ ಮುರಿಯುತ್ತದೆ. ಆದ್ದರಿಂದ ಹತ್ತು ತುಂಡುಗಳಲ್ಲಿ ಏಳನ್ನು ಅವನು ನೋಡಿದ ಕೂಡಲೇ ಒಲೆಗೆ ಎಸೆಯುತ್ತಿದ್ದ. ಮರದ ವಿಷಯದಲ್ಲಿ ಅದು ಸರಿ. ಆ ಪುಣ್ಯಾತ್ಮ ಮಕ್ಕಳ ವಿಷಯದಲ್ಲೂ ಅದನ್ನೇ ಮಾಡಿದ.

ಪ್ರತಿ ವರ್ಷ ಚಳಿ ಕಳೆದ ಮೇಲೆ ಎಂಟು ವರ್ಷ ತುಂಬಿದ ಮಕ್ಕಳು ಅವನ ಅಂಗಳಕ್ಕೆ ಬರುತ್ತಿದ್ದರು. ಒಬ್ಬೊಬ್ಬರ ಕೈಗೂ ಒಂದು ಕೋಲು ಕೊಟ್ಟು ಮೂರು ಸಲ ಚೆಂಡು ಎಸೆಯುತ್ತಿದ್ದ. ಮೂರೂ ತಪ್ಪಿದರೆ ಕೋಲನ್ನು ಹಿಂದಕ್ಕೆ ತೆಗೆದುಕೊಂಡು, ಇದು ನಿನ್ನ ಕೈಗೆ ಹತ್ತುವ ಆಟವಲ್ಲ, ಹೋಗಿ ಫುಟ್‌ಬಾಲ್ ಆಡು ಎನ್ನುತ್ತಿದ್ದ. ಬೈದು ಹೇಳುತ್ತಿರಲಿಲ್ಲ. ಬೈದಿದ್ದರೆ ಒಬ್ಬಿಬ್ಬರಾದರೂ ಹಟ ಹಿಡಿದು ಉಳಿಯುತ್ತಿದ್ದರು. ತಲೆ ಸವರಿ ಹೇಳುತ್ತಿದ್ದ. ಹಾಗಾಗಿ ಮಕ್ಕಳು ನಂಬಿಬಿಡುತ್ತಿದ್ದರು.

ಫುಟ್‌ಬಾಲ್ ಕಲಿಸುತ್ತಿದ್ದವನು ಒಬ್ಬ ಹಾಲು ಮಾರುವವನು. ಆಟದಲ್ಲಿ ಅವನು ಅಷ್ಟಕ್ಕಷ್ಟೇ. ಆದರೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದ. ಓಡಲಾರದ ದಪ್ಪನೆಯ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸುತ್ತಿದ್ದ. ಎಡವಿ ಬಿದ್ದವನಿಗೆ ಎದ್ದೇಳು ಎನ್ನುತ್ತಿದ್ದ, ಅಷ್ಟೇ. ಆಟ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಲೋಟ ಹಾಲು. ಅವನು ಮಹಾ ಉದಾರಿ ಎಂದೇನೂ ತಿಳಿಯಬೇಡ, ಹಾಲು ಹೇಗೂ ಮಿಗುತ್ತಿತ್ತು.

ಒಂದು ಸಲ ಅವನೇ ಬಡಗಿಯ ಬಳಿಗೆ ಬಂದ. ವಾರದಲ್ಲಿ ಒಂದು ಸಂಜೆ ನನ್ನ ಹುಡುಗರೂ ನಿನ್ನ ಕೋಲು ಹಿಡಿಯಲಿ, ಎರಡೂ ಆಡಿಕೊಂಡಿರಲಿ, ನನ್ನದೇನೂ ಅಡ್ಡಿಯಿಲ್ಲ ಎಂದ. ಎರಡು ದೋಣಿಯಲ್ಲಿ ಕಾಲಿಟ್ಟವರು ನನಗೆ ಬೇಡ ಎಂದು ಬಡಗಿ ಅವನನ್ನು ಬಾಗಿಲಿನಿಂದಲೇ ಕಳಿಸಿದ. ನೋಡು, ಮನೆಗೆ ಬಂದ ಭಾಗ್ಯವನ್ನು ಹೀಗೂ ಒದೆಯಬಹುದು. ಹಾಲಿನವನು ಮತ್ತೆ ಆ ಮಾತೆತ್ತಲಿಲ್ಲ.

ಊರಿನಲ್ಲಿ ಹರ್ಲಿಂಗನ್ನು ಹೊಗಳದವರೇ ಇರಲಿಲ್ಲ. ಮದುವೆಯ ಮನೆಯಲ್ಲಿ ಹೊಗಳುತ್ತಿದ್ದರು, ಸಾವಿನ ಮನೆಯಲ್ಲೂ ಹೊಗಳುತ್ತಿದ್ದರು. ಫುಟ್‌ಬಾಲ್ ಏನು, ಯಾರು ಬೇಕಾದರೂ ಆಡುತ್ತಾರೆ, ಆಟವೆಂದರೆ ಅದು ಎಂದು ಫುಟ್‌ಬಾಲ್ ಆಡುವವರೇ ಹೇಳುತ್ತಿದ್ದರು. ಹೊಗಳುವುದಕ್ಕೆ ಕೋಲು ಹಿಡಿಯಲು ಬರಬೇಕಾಗಿಲ್ಲವಲ್ಲ. ಬಡಗಿಗೆ ಆ ಮಾತು ಕೇಳಿ ಕೇಳಿ ಎದೆ ಉಬ್ಬಿತ್ತು. ಇತ್ತ ಅವನ ತಂಡ ಮೂವತ್ತರಿಂದ ಇಪ್ಪತ್ತಕ್ಕೆ ಇಳಿಯಿತು, ಇಪ್ಪತ್ತರಿಂದ, ವಯಸ್ಸಾದ ಅವನನ್ನೂ ಸೇರಿಸಿ, ಹನ್ನೆರಡಕ್ಕೆ ಬಂತು. ಕೆಲವರಿಗೆ ವಯಸ್ಸಾಯಿತು, ಒಬ್ಬನ ಮಂಡಿ ಹೋಯಿತು. ಅವರ ಜಾಗಕ್ಕೆ ಬರುವವರಿರಲಿಲ್ಲ.

ತಂಡವೆಂದರೆ ಹದಿನೈದು ಜನ. ಆ ಭಾಗದ ಸಂಘದವರು, ಹದಿಮೂರು ಜನ ಇಳಿದರೂ ಆಡಿಸುತ್ತೇವೆ, ಹನ್ನೆರಡಾದರೆ ಇಲ್ಲ ಎಂದು ಕಟ್ಟು ಮಾಡಿದ್ದರು. ಮೂರು ಸಲ ಜನ ಸಾಲದೆ ಹೋದರೆ ಊರಿನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಿದ್ದರು. ಎರಡು ಸಲ ಆಗಿಹೋಗಿತ್ತು. ಉಳಿದದ್ದು ಒಂದು.

ಆಗ ಬಡಗಿ ಏನು ಮಾಡಿದ ಗೊತ್ತೇ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಮೈದಾನದ ಮೇಲೆ ತಪ್ಪು ಹೊರಿಸಿದ. ಒಳ್ಳೆಯ ಸಂಜೆಗಳನ್ನೆಲ್ಲ ಫುಟ್‌ಬಾಲಿನವರು ನುಂಗಿದ್ದಾರೆ, ಅವರನ್ನು ಎಬ್ಬಿಸಿ ಎಂದು ಊರಿನ ಸಭೆಯಲ್ಲಿ ಕೇಳಿದ. ಎಲ್ಲರೂ ಸೇರಿ ಒಂದು ಗಂಟೆ ಹೊತ್ತು ಹರ್ಲಿಂಗನ್ನು ಹೊಗಳಿದರು. ಹಾಲಿನವನೇ ಎದ್ದು ನಿಂತು, ಮೈದಾನ ಅವರಿಗೇ ಇರಲಿ, ನಾವು ಗುಡ್ಡದ ಕೆಳಗಿನ ಹುಲ್ಲುಗಾವಲಿಗೆ ಹೋಗುತ್ತೇವೆ ಎಂದ. ಮಾರನೆಯ ದಿನವೇ ಹೋದರು. ನೂರು ಜನ ಹುಡುಗರೂ ಅವನ ಹಿಂದೆ ಹೋದರು.

ಅವತ್ತು ಸಂಜೆ ಇಡೀ ಮೈದಾನದಲ್ಲಿ ಅದೇ ಹನ್ನೆರಡು ಜನ ನಿಂತಿದ್ದರು. ಗದ್ದಲವಿದ್ದಾಗ ಅವರು ಎಷ್ಟು ಕಡಿಮೆ ಎಂದು ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಬಿತ್ತು. ನೀನು ಕೇಳಿದ ಪ್ರಶ್ನೆಗೆ ಇಷ್ಟು ಉತ್ತರ ಸಾಕು, ಮರುಳಯ್ಯ. ಆದರೆ ಏಳಬೇಡ, ಕತೆ ಇನ್ನೂ ಇದೆ.

ಕೊನೆಯ ಆಟ ಭಾನುವಾರಕ್ಕೆ ಗೊತ್ತಾಯಿತು. ಬೇಕಾದದ್ದು ಒಬ್ಬನೇ ಒಬ್ಬ. ಶನಿವಾರ ಬೆಳಿಗ್ಗೆ ಬಡಗಿ ಒಬ್ಬ ಗಾರೆ ಕೆಲಸದವನ ಬಳಿಗೆ ಹೋದ. ಮೂವತ್ತು ವರ್ಷದ ಆಳು, ಫುಟ್‌ಬಾಲ್ ತಂಡದ ನಾಯಕ, ಗಾಳಿಯಲ್ಲಿ ಬಂದ ಯಾವ ಚೆಂಡನ್ನೂ ಬಿಟ್ಟವನಲ್ಲ. ಅವನು ಯಾರದೋ ಮನೆಯ ಗೋಡೆ ಕಟ್ಟುತ್ತಿದ್ದ. ಬಡಗಿಯನ್ನು ಕಂಡು ಕರಣೆ ಕೆಳಗಿಟ್ಟು, ಟೋಪಿ ತೆಗೆದು ನಿಂತ. ಊರಿನಲ್ಲಿ ಬಡಗಿಯ ಮುಂದೆ ಎಲ್ಲರೂ ಹಾಗೇ ನಿಲ್ಲುತ್ತಿದ್ದರು.

"ನಾಳೆ ಒಂದು ದಿನ ಬಾ," ಎಂದ ಬಡಗಿ. "ಓಡಬೇಡ, ಹೊಡೆಯಬೇಡ, ಮೂಲೆಯಲ್ಲಿ ನಿಂತಿದ್ದರೆ ಸಾಕು. ನನಗೆ ಹದಿಮೂರನೆಯವನು ಬೇಕು."

"ಎಂಟು ವರ್ಷದವನಿದ್ದಾಗ ಬಂದಿದ್ದೆ," ಎಂದ ಗಾರೆಯವನು. "ಕೈಗೆ ಹತ್ತುವುದಿಲ್ಲ ಎಂದಿರಿ. ಒಂದು ವರ್ಷ ದನದ ಕೊಟ್ಟಿಗೆಯ ಗೋಡೆಗೆ ಹಲಗೆಯ ತುಂಡಿನಲ್ಲಿ ಚೆಂಡು ಹೊಡೆದು ಹೊಡೆದು ಕಲಿತು ಮತ್ತೆ ಬಂದೆ. ನಿನ್ನನ್ನು ಒಂದು ಸಲ ನೋಡಿದ್ದೇನೆ ಎಂದಿರಿ, ತಲೆ ಎತ್ತಲಿಲ್ಲ."

"ತಪ್ಪಾಯಿತು ಎಂದು ಇಟ್ಟುಕೋ. ಈಗ ಬಾ."

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆಟ ಬಲ್ಲವರು ನೀವು, ನೀವು ಹೇಳಿದ್ದನ್ನು ನಂಬಿದೆ. ಈಗ ಆ ಕೋಲು ಹತ್ತಿರ ಬಂದರೆ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ನಾಳೆ ನೋಡುವುದಕ್ಕೆ ಖಂಡಿತ ಬರುತ್ತೇನೆ."

ಬಡಗಿ ಕತ್ತಲಾಗುವ ತನಕ ಇನ್ನೂ ಒಂಬತ್ತು ಮನೆಗಳ ಬಾಗಿಲು ತಟ್ಟಿದ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು. ಎಲ್ಲರೂ ನೋಡುವುದಕ್ಕೆ ಬರುತ್ತೇವೆ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅವನಿಗೆ ಅಷ್ಟೂ ಆಗಲಿಲ್ಲ. ಒಂಬತ್ತನೆಯ ಮನೆಯಿಂದ ಹೊರಗೆ ಬರುವಾಗಲೂ ಅವನು ಫುಟ್‌ಬಾಲಿಗೇ ಶಾಪ ಹಾಕುತ್ತಿದ್ದ.

ಭಾನುವಾರ ಊರಿಗೆ ಊರೇ ಬಂತು. ನಾನೂರು ಜನ ಮೈದಾನದ ಸುತ್ತ ನಿಂತರು. ಅಷ್ಟು ಜನ ಯಾವ ಫುಟ್‌ಬಾಲ್ ಆಟಕ್ಕೂ ಸೇರಿರಲಿಲ್ಲವಂತೆ. ಎದುರಿನ ಊರಿನ ಹದಿನೈದು ಜನ ಇಳಿದರು. ಇವನೂ ಸೇರಿ ಈ ಕಡೆಯ ಹನ್ನೆರಡು ಜನ ಇಳಿದರು. ಆಡಿಸುವವನು ಎಣಿಸಿದ, ಅರ್ಧ ಗಂಟೆ ಕಾದ. ಆಮೇಲೆ ಕನಿಕರ ಬಂದು ಜನರ ಕಡೆಗೆ ತಿರುಗಿ, ನಿಮ್ಮಲ್ಲಿ ಯಾರಾದರೂ ಒಬ್ಬರು ಇಳಿದರೂ ಆಟ ಶುರು ಮಾಡುತ್ತೇನೆ ಎಂದ. ಬಡಗಿ ಒಂದು ಹೊಸ ಕೋಲು ತಂದು ಹುಲ್ಲಿನ ಮೇಲೆ ಇಟ್ಟ. ಅಷ್ಟು ಒಳ್ಳೆಯ ಕೋಲನ್ನು ಅವನು ಜನ್ಮದಲ್ಲೇ ಮಾಡಿರಲಿಲ್ಲ ಎಂದು ಪಾದ್ರಿಗಳು ಹೇಳಿದರು.

ನಾನೂರು ಜನ ಆ ಕೋಲನ್ನು ನೋಡುತ್ತಾ ನಿಂತರು. ಅವರಲ್ಲಿ ಕಾಲು ಭಾಗವಾದರೂ ಚಿಕ್ಕಂದಿನಲ್ಲಿ ಅವನ ಅಂಗಳಕ್ಕೆ ಹೋಗಿಬಂದವರು. ಅದನ್ನು ಎತ್ತಿಕೊಳ್ಳಬೇಕೆಂಬ ಆಸೆ ಅವರಿಗಿರಲಿಲ್ಲವೆಂದು ತಿಳಿಯಬೇಡ. ಕೆಲವರು ಅಳುತ್ತಿದ್ದರು. ಗಾರೆಯವನು ಒಂದು ಹೆಜ್ಜೆ ಮುಂದಿಟ್ಟ, ಬಡಗಿಯ ಮುಖ ನೋಡಿದ, ಹಿಂದಕ್ಕೆ ಬಂದು ನಿಂತ. ಮತ್ತೆ ಯಾರೂ ಕದಲಲಿಲ್ಲ. ಆಡಿಸುವವನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೊರಟುಹೋದ. ಆ ಊರಿನ ಹೆಸರು ಪಟ್ಟಿಯಿಂದ ಹೋಯಿತು.

ಬಡಗಿ ಮೈದಾನದ ನಡುವೆ ನಿಂತು, ಇದನ್ನು ಕೊಂದವರು ನೀವು, ನೀವು ಎಂದು ನಾನೂರು ಜನರಿಗೂ ಕೇಳುವಂತೆ ಕೂಗಿದ. ಯಾರೂ ಎದುರಾಡಲಿಲ್ಲ. ಅವನು ಹೇಳಿದ್ದನ್ನು ನಂಬುವುದು ಅವರಿಗೆ ಚಿಕ್ಕಂದಿನಿಂದ ಅಭ್ಯಾಸವಾಗಿತ್ತು. ತಲೆ ತಗ್ಗಿಸಿಕೊಂಡು ಮನೆಗೆ ಹೋದರು.

ಗುರುಗಳು ನಿಲ್ಲಿಸಿದರು. ಮರುಳಯ್ಯನ ಸಿಟ್ಟು ಈಗ ಬೇರೆ ಕಡೆಗೆ ತಿರುಗಿತ್ತು.

"ಅಲ್ಲ ಗುರುಗಳೇ, ಅಷ್ಟು ವರ್ಷ ಅವನು ಹಾಗೆ ಮಾಡುತ್ತಿದ್ದಾಗ, ಇದು ತಪ್ಪು ಎಂದು ಮುಖಕ್ಕೆ ಹೇಳುವವರು ಒಬ್ಬರೂ ಇರಲಿಲ್ಲವೇ?"

ಗುರುಗಳು ಪಡಸಾಲೆಯ ಆ ಬದಿಗೆ, ಭಜನೆಗೆ ಕೂತಿದ್ದ ನೂರು ಜನರ ಕಡೆಗೆ ನೋಡಿದರು.

"ಇದ್ದರು ಮರುಳಯ್ಯ, ಅವರನ್ನೆಲ್ಲ ನಾನೇ ತಲೆ ಸವರಿ ಅಲ್ಲಿಗೆ ಕಳಿಸಿಬಿಟ್ಟೆ."