ಫಕೀರಪ್ಪನಿಗೆ ಸಿಕ್ಕ ಪರದೇಶದ ಕಾಗದ

ಕೂತು ಕೇಳ್ರಿ, ನಡುನಡುವೆ ಹೂಂ ಅನ್ರಿ. ನಗು ಬಂದಲ್ಲಿ ಆಗಲೇ ನಕ್ಕುಬಿಡ್ರಿ, ಕೊನೆಗೆ ನಗುತ್ತೇನೆಂದರೆ ಆಗಲಿಕ್ಕಿಲ್ಲ.

ಬ್ಯಾಡಗಿಯಲ್ಲಿ ದ್ಯಾಮವ್ವ ಅಂತ ಒಬ್ಬಳಿದ್ದಳು. ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರಿದು, ಆ ಘಾಟಿಗೆ ಕೆಮ್ಮು ಹಿಡಿಸಿಕೊಂಡವಳು. ಗಂಡ ಇಲ್ಲ, ಮಗ ಒಬ್ಬನೇ. ಮಗನ ಹೆಸರು ಫಕೀರಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥ ಮಗ ಇದ್ದರೆ ಪುಣ್ಯ ಅನ್ನುತ್ತೀರಿ. ಸಾಕಿ ನೋಡ್ರಿ, ಗೊತ್ತಾಗುತ್ತದೆ.

ಅವನು ಚಿಕ್ಕವನಿದ್ದಾಗ ಓಣಿಯವರು "ಊಟ ಆತೇನೋ ಫಕೀರಾ?" ಅಂತ ಕೇಳುತ್ತಿದ್ದರು. ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಇವನು "ಇಲ್ಲ" ಅಂದು ಸೀದಾ ಅವರ ಮನೆಯೊಳಗೆ ಹೋಗಿ ತಾಟಿನ ಮುಂದೆ ಕೂಡುತ್ತಿದ್ದ. ಒಂದು ದಿನ ಆರು ಮನೆಯಲ್ಲಿ ಉಂಡು ಬಂದು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ.

"ಏ ಹುಚ್ಚಪ್ಪಾ, ಯಾರು ಕೇಳಿದ್ರೂ ಹೋಗಬ್ಯಾಡ. ನಾ ಉಣ್ಣಾಕ ಬಾ ಅಂದಾಗ ಬಾ, ಬಂದು ಉಣ್ಣು. ಅಲ್ಲೀತನ ಬಾಯಾಗ ತುತ್ತು ಇಡಬ್ಯಾಡ."

"ಹೂಂ ಅವ್ವ."

ಮೀಸೆ ಬಂದರೂ ಆ ಮಾತು ಮುರಿಯಲಿಲ್ಲ. ಅವ್ವ ಕರೆದರೆ ಊಟ, ಕರೆಯದಿದ್ದರೆ ಉಪವಾಸ.

ಇಂಥವನಿಗೂ ಒಂದು ಕೆಲಸ ಸಿಕ್ಕಿತು. ಕಡಲಾಚೆಯ ಯಾವುದೋ ಕಂಪನಿ ಲ್ಯಾಪ್‌ಟಾಪಿಗೆ ಫೋಟೋ ಕಳಿಸುತ್ತಿತ್ತು. ಇದು ದನ, ಇದು ಬಂಡಿ, ಇದು ಮನುಷ್ಯ ಅಂತ ಇವನು ಗುರುತು ಹಾಕಬೇಕು. ಸ್ವಂತ ಬುದ್ಧಿ ಓಡಿಸಬಾರದು ಅಂತ ಕಂಪನಿಯ ಕರಾರು. ಓಡಿಸಲಿಕ್ಕೆ ಇವನ ಹತ್ತಿರ ಇದ್ದರೆ ತಾನೆ? ಇಂಗ್ಲಿಷು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ, ಅದಕ್ಕೇನೂ ಕೊರತೆ ಇರಲಿಲ್ಲ. ಕಂಪನಿಯವರು ಇವನಂಥ ಕೆಲಸಗಾರ ಇಲ್ಲ ಅಂತ ಹೊಗಳಿ ಹೊಗಳಿ ಬರೆದರು. ದ್ಯಾಮವ್ವ ತೊಟ್ಟು ಮುರಿಯುವುದನ್ನು ಬಿಟ್ಟಳು. ಕೆಮ್ಮು ಮಾತ್ರ ಅವಳನ್ನು ಬಿಡಲಿಲ್ಲ.

ಹಿಂಗಿರುವಾಗ ಕಂಪನಿಯಿಂದ ಒಂದು ಪತ್ರ ಬಂತು. ಇನ್ನು ಮುಂದೆ ತಮ್ಮ ಹಗಲಿನಲ್ಲಿ ಕೆಲಸ ಮಾಡುವವರೇ ಬೇಕು, ತಮ್ಮ ಕಡೆಯ ಯಾವ ದೇಶದಲ್ಲಾದರೂ ಇರು, ಇಲ್ಲದಿದ್ದರೆ ಕೆಲಸ ಬಿಡು ಅಂತ.

ದ್ಯಾಮವ್ವ ಮಗನನ್ನು ಕರೆದುಕೊಂಡು ಖಾಜಾಸಾಬನ ಅಂಗಡಿಗೆ ಹೋದಳು. ಪಾಸ್‌ಪೋರ್ಟಿನಿಂದ ಹಿಡಿದು ರೇಷನ್ ಕಾರ್ಡಿನ ತನಕ ಊರಿನವರ ಅರ್ಜಿಯನ್ನೆಲ್ಲ ತುಂಬಿಕೊಡುವವನು ಅವನು.

"ಈಗ ಅಲೆಮಾರಿ ಕೆಲಸಗಾರರ ವೀಸಾ ಅಂತ ಬಂದೈತಿ ದ್ಯಾಮಕ್ಕ," ಅಂದ ಖಾಜಾಸಾಬ. "ಇರೋದು ಒಂದು ದೇಶದಾಗ, ಪಗಾರ ಇನ್ನೊಂದು ದೇಶದಿಂದ. ಇಂಥೋರು ನಮ್ಮಲ್ಲಿಗೆ ಬರ್ರಿ ಅಂತ ಒಂದೊಂದು ದೇಶ ಒಂದೊಂದು ಆಸೆ ತೋರಸ್ತೈತಿ."

ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮೂರು ದೇಶ ಬರೆದ. ನಡುಗಡ್ಡೆಯ ದೇಶದಲ್ಲಿ ತೆರಿಗೆಯೇ ಇಲ್ಲ. ಗುಡ್ಡದ ದೇಶದಲ್ಲಿ ಐದು ವರ್ಷ ಅರ್ಧ ತೆರಿಗೆ, ಆದರೆ ತೆರಿಗೆ ಕಳೆದು ಕೈಗೆ ಇಂತಿಷ್ಟು ಪಗಾರ ಉಳಿಯಬೇಕು. ಬಂದರದ ದೇಶದಲ್ಲಿ ನೂರಕ್ಕೆ ಹದಿನೈದು, ಅದೂ ನೂರಾ ಎಂಬತ್ಮೂರು ದಿನ ಬಿಡದೆ ಅಲ್ಲೇ ಇದ್ದರೆ.

ದ್ಯಾಮವ್ವ ತೆರಿಗೆಯ ಮಾತು ಒಂದೂ ಕೇಳಲಿಲ್ಲ. "ನನ್ನ ಕರಕೊಂಡು ಹೋಗಾಕ ಎಲ್ಲಿ ಬಿಡ್ತಾರ?"

"ಮೂರರಾಗೂ ಬಿಡ್ತಾರ. ಮಗನ ಆಸರ್ಯಾಗ ಇರೋ ತಾಯಿ ಅಂತ ಬರಸಬೇಕು."

"ಹಂಗಾರ ಯಾವುದಾದ್ರೂ ನಡೀತೈತಿ. ಇಂವನ್ನ ಒಬ್ಬನ್ನ ಕಳಿಸಿದ್ರ ಹಸಗೊಂಡು ಸಾಯ್ತಾನ."

ಮೊದಲು ನಡುಗಡ್ಡೆಯ ದೇಶ. ಖಾಜಾಸಾಬನ ಅಂಗಡಿಯಲ್ಲೇ ಕೂತು ಪರದೆಯ ಮೇಲೆ ಮಾತು. "ತೆರಿಗಿ ಇಲ್ಲ ಅನ್ನೋದಕ್ಕ ಈ ದೇಶ ನೋಡು ಫಕೀರಾ, ನೆನಪಿಟ್ಟುಕೋ," ಅಂದಿದ್ದ ಖಾಜಾಸಾಬ. ಪರದೆಯ ಆಚೆಯ ಸಾಹೇಬ ಕೇಳಿದ, ನಮ್ಮ ದೇಶಕ್ಕೆ ಯಾಕೆ ಬರಬೇಕು ಅಂತೀರಿ?

"ತೆರಿಗೆ ಕೊಡೋದು ತಪ್ಪುತ್ತದೆ, ಅದಕ್ಕೆ," ಅಂದ ಫಕೀರಪ್ಪ. "ಬೇರೆ ಏನೂ ಕಾರಣ ಇಲ್ಲ."

ಪರದೆ ಕಪ್ಪಾಯಿತು. ಅವನು ಹೇಳಿದ್ದನ್ನು ಖಾಜಾಸಾಬ ದ್ಯಾಮವ್ವನಿಗೆ ತಿಳಿಸಿ ಹೇಳಿದ.

"ಮೂಳಾ, ಹಂಗ ಅಂತಾರೇನೋ? ತೆರಿಗಿ ಕೊಡಾಕ ನನಗ ಭಾಳ ಸಂತೋಷ ಅನಬೇಕು."

"ಹೂಂ ಅವ್ವ."

ಆಮೇಲೆ ಗುಡ್ಡದ ದೇಶ. ಅಲ್ಲಿನ ಸಾಹೇಬ ಒಳ್ಳೆಯವ. ಎಲ್ಲ ಸರಿ ಇದೆ, ಐದು ವರ್ಷ ನೀವು ಅರ್ಧ ತೆರಿಗೆ ಕೊಟ್ಟರೆ ಸಾಕು ಅಂದ.

"ಬೇಡ ಸರ್. ತೆರಿಗೆ ಕೊಡಲಿಕ್ಕೆ ನನಗೆ ಬಹಳ ಸಂತೋಷ. ಪೂರ್ತಿ ತೆಗೆದುಕೊಳ್ಳಿ."

ಸಾಹೇಬ ಎರಡು ಸಲ ಕೇಳಿದ. ಇವನು ಎರಡು ಸಲವೂ ಸಂತೋಷ ಅಂದ. ಸಾಹೇಬ ಪೂರ್ತಿ ತೆರಿಗೆ ಕಳೆದು ಲೆಕ್ಕ ನೋಡಿದ, ಉಳಿದ ಪಗಾರ ಅವರ ಗೆರೆಗಿಂತ ಕೆಳಗೆ ಬಂತು. ಅರ್ಜಿ ಬಿತ್ತು.

ದ್ಯಾಮವ್ವ ಹಣೆ ಚಚ್ಚಿಕೊಂಡಳು. ಕೆಮ್ಮು ಬಂದು ಬೈಗುಳ ಅರ್ಧಕ್ಕೇ ನಿಂತಿತು. ನೀರು ಕುಡಿದು ಅಂದಳು, "ನಾನೇ ಹೇಳಿಕೊಟ್ಟು ಕೆಡಿಸಿದೆ. ಇನ್ನ ಮ್ಯಾಲ ಏನೂ ಕಟ್ಟಿ ಹೇಳಬ್ಯಾಡಪಾ. ಕೇಳಿದ್ದಕ್ಕ ಇದ್ದದ್ದು ಇದ್ದಂಗ ಹೇಳು."

"ಹೂಂ ಅವ್ವ."

ಉಳಿದದ್ದು ಬಂದರದ ದೇಶ ಒಂದೇ. ಈ ಸಲ ಪರದೆಯ ಮೇಲೆ ಒಬ್ಬ ಹೆಣ್ಣುಮಗಳು. ಅವಳು ಕೇಳಿದ್ದಕ್ಕೆಲ್ಲ ಫಕೀರಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳ ಮುಖ ಅರಳುತ್ತಾ ಹೋಯಿತು. ದ್ಯಾಮವ್ವ ಸೆರಗಿನ ಮರೆಯಲ್ಲಿ ಕೈ ಮುಗಿದುಕೊಂಡೇ ಕೂತಿದ್ದಳು. ಕೊನೆಗೆ ಆ ಹೆಣ್ಣುಮಗಳು ಕೇಳಿದಳು, ನಿಮ್ಮ ಆಸರೆಯಲ್ಲಿ ಯಾರಿದ್ದಾರೆ?

"ಯಾರೂ ಇಲ್ಲ," ಅಂದ ಫಕೀರಪ್ಪ. "ನಾನೇ ಅವ್ವನ ಆಸರೆಯಲ್ಲಿದ್ದೇನೆ."

ಕಾಗದ ಬಂತು. ಒಬ್ಬನಿಗೆ ಬಂತು.

ದ್ಯಾಮವ್ವ ಈ ಸಲ ಬೈಯಲಿಲ್ಲ. ಬೈಯುವುದೇನು, ಅವನು ಸುಳ್ಳು ಹೇಳಿದ್ದರೆ ತಾನೆ. ಖಾಜಾಸಾಬನೇ ಸಮಾಧಾನ ಹೇಳಿದ. "ನೂರಾ ಎಂಬತ್ಮೂರು ದಿನ ಅಂವ ಅಲ್ಲಿ ಮುಗಿಸಲಿ ದ್ಯಾಮಕ್ಕ. ತೆರಿಗಿ ರಿಯಾಯ್ತಿ ಸಿಗ್ತೈತಿ, ಆಮ್ಯಾಲ ತಾಯಿನ್ನ ಕರಸ್ಕೋತೀನಿ ಅಂತ ಹೊಸಾ ಅರ್ಜಿ ಹಾಕಬಹುದು. ಅಷ್ಟರಾಗ ಆ ದೇಶ ಬಿಟ್ಟು ಹೊರಗ ಕಾಲಿಟ್ರ ಮಾತ್ರ ಕಾಗದ ರದ್ದು."

ಕಳಿಸಿದಳು. ಗೋಡೆಯ ಮೇಲೆ ಇದ್ದಲಿನಿಂದ ದಿನಕ್ಕೊಂದು ಗೀಟು ಎಳೆಯತೊಡಗಿದಳು.

ಮೊದಲ ದಿನ ಹೊತ್ತು ನೋಡಿ ಫೋನು ಹಚ್ಚಿ, ರೂಢಿಯಂತೆ "ಫಕೀರ್‍ಯಾ, ಉಣ್ಣಾಕ ಬಾ" ಅಂದಳು. "ಬಂದೆ ಅವ್ವ" ಅಂದ. ಸಂಜೆ ಖಾಜಾಸಾಬ ಅವನ ಕ್ಷೇಮ ಕೇಳಲೆಂದು ಫೋನು ಮಾಡಿದರೆ ಫಕೀರಪ್ಪ ಚೀಲ ಹೊತ್ತು ವಿಮಾನ ನಿಲ್ದಾಣದ ಬಸ್ಸಿನಲ್ಲಿದ್ದ. ಬಯ್ದು ಇಳಿಸಿ ಹೊರಳಿಸಿದ. ಇಷ್ಟು ದಿನ ಮಗನಿಗೆ ಬೀಳುತ್ತಿದ್ದ ಬುದ್ಧಿಮಾತು ಅವತ್ತು ಅವ್ವನಿಗೆ ಬಿತ್ತು.

"ದ್ಯಾಮಕ್ಕ, ಬಾ ಅನಬ್ಯಾಡ. ಅಲ್ಲೇ ಕುಂತು ಉಣ್ಣು ಅನ್ನು."

ದಿನಕ್ಕೆ ಮೂರು ಸಲ ದ್ಯಾಮವ್ವ ಕಡಲಾಚೆಗೆ ಫೋನು ಹಚ್ಚಿ "ಅಲ್ಲೇ ಕುಂತು ಉಣ್ಣಪಾ" ಅನ್ನುತ್ತಿದ್ದಳು. ಅನ್ನುವ ಮೊದಲು ಒಮ್ಮೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು, ಬಾಯಿ ತಪ್ಪಬಾರದು ಅಂತ. ಬಾ ಅನ್ನಬೇಕು ಅನ್ನಿಸುವುದನ್ನು ನುಂಗಿ ಉಣ್ಣು ಅನ್ನುವುದು ಎಷ್ಟು ಕಷ್ಟ ಅಂತ ಅವಳಿಗೇ ಗೊತ್ತು. ಗೋಡೆಯ ಗೀಟು ನೂರು ದಾಟಿದವು, ನೂರೈವತ್ತು ದಾಟಿದವು.

ನೂರಾ ಅರವತ್ತಕ್ಕೆ ಜ್ವರ ಬಂತು. ಅದರ ಮೂರನೆಯ ದಿನ ಗೀಟು ಎಳೆಯಲಿಕ್ಕೆ ಏಳಲಾಗಲಿಲ್ಲ. ಪಕ್ಕದ ಮನೆಯ ಹುಡುಗಿ ಫೋನು ಹಚ್ಚಿ ಕಿವಿಗೆ ಹಿಡಿದಳು. ಮಗ ಪರದೇಶದಲ್ಲಿದ್ದಾನೆ ಎನ್ನುವುದು ಜ್ವರದಲ್ಲಿ ಮರೆತಳೋ, ನೆನಪಿದ್ದೇ ಅಂದಳೋ, ನಾನು ಹೇಳಲಾರೆ.

"ಫಕೀರ್‍ಯಾ, ಹೊತ್ತಾತು. ಉಣ್ಣಾಕ ಬಾ."

"ಬಂದೆ ಅವ್ವ."

ಈ ಸಲ ಅವನನ್ನು ಬಸ್ಸಿನಿಂದ ಇಳಿಸುವವರು ಯಾರೂ ಇರಲಿಲ್ಲ. ದ್ಯಾಮವ್ವ ಮರುದಿನ ಬೆಳಗಿಗೆ ತೀರಿಕೊಂಡಳು. ಖಾಜಾಸಾಬ ಫೋನು ಹಚ್ಚಿ ಹಚ್ಚಿ ಸಾಕಾದ. ಫಕೀರಪ್ಪ ವಿಮಾನದಲ್ಲಿದ್ದ, ಫೋನು ಬಂದ್ ಮಾಡು ಅಂದಿದ್ದರು, ಇಳಿದ ಮೇಲೆ ಹಚ್ಚು ಅಂತ ಯಾರೂ ಹೇಳಿರಲಿಲ್ಲ. ವಿಮಾನದವರು ಊಟ ತಂದರೆ "ಅವ್ವ ಕರೆದಿದ್ದಾಳೆ" ಅಂದು ವಾಪಸು ಕಳಿಸಿದ.

ಮೂರನೆಯ ದಿನ ಊರಿನವರು ಅವಳನ್ನು ಹೂಳಿದ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟರು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಎಡೆ ಇಟ್ಟು ದೂರ ಸರಿದು ನಿಂತರು. ಬೇವಿನ ಗಿಡದಲ್ಲಿ ಕಾಗೆ ಕೂತಿತ್ತು, ಇಳಿಯಲೊಲ್ಲದು. "ಜೀವಕ್ಕ ಏನೋ ಆಸೆ ಉಳದೈತಿ," ಅಂದರು ಹಿರಿಯರು.

ಅಷ್ಟರಲ್ಲಿ ಫಕೀರಪ್ಪ ಬಂದ. ಮನೆಗೆ ಹೋದರೆ ಬೀಗ, ಅವ್ವ ಎಲ್ಲಿ ಅಂದರೆ ಪಕ್ಕದ ಮನೆಯ ಹುಡುಗಿ ಅಳುತ್ತಾ ಈ ದಾರಿ ತೋರಿಸಿದ್ದಳು. ಬಂದವನು ಮಣ್ಣು ನೋಡಿದ, ತಾಟು ನೋಡಿದ. ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತ.

"ಬ್ಯಾಡೋ ಫಕೀರಾ, ಅದು ನಿಮ್ಮವ್ವನ ಎಡಿ," ಅಂದ ಖಾಜಾಸಾಬ.

"ಹೌದು ಚಾಚಾ. ಅವ್ವನೇ ಕರದಾಳ."

ರೊಟ್ಟಿ ಮುರಿದ. ಎರಡೂವರೆ ದಿನದ ಹಸಿವು, ತಾಟಿನಲ್ಲಿ ಏನೂ ಬಿಡದೆ ಉಂಡ. ಯಾರೂ ಬೈಯಲಿಲ್ಲ, ಬೈಯುವವಳು ಮಣ್ಣಿನೊಳಗಿದ್ದಳು. ಅವನ ಕೈಯಿಂದ ಉದುರಿದ ರೊಟ್ಟಿಯ ಚೂರಿಗೆ ಕಾಗೆ ಇಳಿದು ಬಂತು.

ಜನ ಒಬ್ಬೊಬ್ಬರೇ ಕಣ್ಣೊರೆಸಿಕೊಂಡು ಮನೆಗೆ ನಡೆದರು. ಫಕೀರಪ್ಪ ತಾಟು ತೊಳೆದು ತಂದು ಬೋರಲು ಹಾಕಿ, ಅಲ್ಲೇ ಕೂತ. ಹೊತ್ತು ಇಳಿಯುತ್ತಾ ಬಂದಾಗ ಖಾಜಾಸಾಬ ಅವನ ತೋಳು ಹಿಡಿದ.

"ಏಳಪಾ. ಮನಿಗಿ ಹೋಗೂಣು."

"ತಡೀರಿ ಚಾಚಾ," ಅಂದ ಫಕೀರಪ್ಪ. "ಅವ್ವ ಇನ್ನೂ ಏಳು ಅಂದಿಲ್ಲ."